ಗೆಕ್ಕೊ ಗೂಡಿಗೆ ಹಾವಸೆಯ ಹಾಸು

ಹಲ್ಲಿ, ಹಾವು ಸಾಕುವವರ ಗಾಜಿನ ಗೂಡಿನಲ್ಲಿ ಕಣ್ಣಿಗೆ ಮೊದಲು ಹಿತವಾಗುವುದು ತಳದ ಹಸಿರು. ಆ ಹಸಿರಿನ ಆಸೆಗೆ ಜೀವಂತ ಹಾವಸೆ ಕೊಂಡು ತಂದು ಗೂಡಿನ ತುಂಬ ಹರಡುವವರು ಬಹಳ ಮಂದಿ. ಮೊದಲ ವಾರ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಮೇಲೆ ತುದಿಗಳು ಕಂದಾಗುತ್ತವೆ, ಅಲ್ಲಲ್ಲಿ ಬಿಳಿ ಬೂಷ್ಟು ಏಳುತ್ತದೆ, ತಿಂಗಳೊಪ್ಪತ್ತಿನಲ್ಲಿ ಇಡೀ ಹಾಸು ಒಣಗಿಯೋ ಕೊಳೆತೋ ಹೋಗಿರುತ್ತದೆ. ಅದನ್ನು ಕಿತ್ತೆಸೆದು ಹೊಸ ಹಾವಸೆ ತರುತ್ತಾರೆ. ಅದೂ ಹಾಗೆಯೇ ಸಾಯುತ್ತದೆ. ನಷ್ಟ ಹಾವಸೆಗಷ್ಟೇ ಆದರೆ ಹೋಗಲಿ ಎನ್ನಬಹುದಿತ್ತು. ಕೊಳೆತ ಹಾಸಿನ ಮೇಲೆ ಮಲಗುವ ಪ್ರಾಣಿಗೆ ಚರ್ಮದ ಕಾಯಿಲೆ, ಶ್ವಾಸದ ಕಾಯಿಲೆ ತಗಲುತ್ತದೆ. ಅದಕ್ಕಾಗಿಯೇ ಈ ವಿಷಯವನ್ನು ಬುಡದಿಂದ ತಿಳಿಯಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗೂಡಿನ ಹಾಸಿಗೆ ಬೇರೆ, ಹಾವಸೆ ಬೇರೆ. ಹಾಸಿಗೆ ಎಂದರೆ ನೀರು ಹಿಡಿದಿಟ್ಟು ನಿಧಾನವಾಗಿ ಬಿಡುವ, ಪ್ರಾಣಿ ಅಗೆದರೂ ತಾಳುವ, ಏಳೆಂಟು ಸೆಂಟಿಮೀಟರ್ ದಪ್ಪದ ಮಿಶ್ರಣ. ಹಾವಸೆ ಅದರ ಮೇಲೆ ಕೂರುವ ತೆಳ್ಳನೆಯ ಜೀವಂತ ಪದರ. ಕೆಳಗಿನದು ಸರಿ ಇದ್ದರೆ ಮೇಲಿನದು ಬದುಕುತ್ತದೆ. ಇನ್ನೊಂದು ಮಾತು: ಮೊದಲು ಪ್ರಾಣಿ, ಆಮೇಲೆ ಹಾವಸೆ. ತಂಪು, ತೇವ, ಗಾಳಿ ಮೂರನ್ನೂ ಬೇಡುವ ಪ್ರಾಣಿಯ ಗೂಡಿನಲ್ಲಿ ಮಾತ್ರ ಹಾವಸೆಗೆ ಜಾಗವಿದೆ. ಹಾವಸೆಯನ್ನು ಉಳಿಸಲೆಂದು ಪ್ರಾಣಿಗೆ ಒಗ್ಗದ ತೇವವನ್ನು ಗೂಡಿಗೆ ತುಂಬುವುದು ತಪ್ಪು.

ಹಾವಸೆಗೆ ನಿಜವಾದ ಬೇರಿಲ್ಲ. ಬುಡದಲ್ಲಿ ಕಾಣುವ ಸಣ್ಣ ಎಳೆಗಳು ಕಲ್ಲನ್ನೋ ತೊಗಟೆಯನ್ನೋ ಹಿಡಿದು ನಿಲ್ಲಲು ಮಾತ್ರ. ನೀರು ಒಳಗೆ ಹೋಗುವುದು ಎಲೆಯ ಮೈಯಿಂದ. ಬಹುಪಾಲು ಜಾತಿಗಳಲ್ಲಿ ಎಲೆಯ ದಪ್ಪ ಒಂದೇ ಜೀವಕೋಶದಷ್ಟು. ಮಾವು, ಹಲಸಿನ ಎಲೆಗಿರುವಂಥ ಮೇಣದ ಲೇಪ ಅದಕ್ಕೆ ಇಲ್ಲವೆನ್ನುವಷ್ಟು ತೆಳು. ಹಾಗಾಗಿ ಎಷ್ಟು ಬೇಗ ನೀರು ಹೀರುತ್ತದೋ ಅಷ್ಟೇ ಬೇಗ ಒಣಗುತ್ತದೆ. ಒಣಗಿದ ಮಾತ್ರಕ್ಕೆ ಸಾಯುವುದಿಲ್ಲ. ಮುದುಡಿಕೊಂಡು ಬೆಳವಣಿಗೆ ನಿಲ್ಲಿಸುತ್ತದೆ, ನೀರು ಬಿದ್ದರೆ ಮತ್ತೆ ಅರಳುತ್ತದೆ. ಮಲೆನಾಡಿನ ಮನೆಗಳ ಕಂಪೌಂಡಿನ ಮೇಲೆ ಬೇಸಿಗೆಯಿಡೀ ಕಪ್ಪಾಗಿ ಕೂತಿದ್ದ ಹಾವಸೆ ಮೊದಲ ಮಳೆಗೇ ಹಸಿರಾಗುವುದು ಹೀಗೆ.

ಇದರಿಂದ ಗೂಡಿಗೆ ಸಿಗುವ ಪಾಠ ನೇರವಾದದ್ದು. ಹಾವಸೆಗೆ ನೀರನ್ನು ಮೇಲಿನಿಂದ ಸಣ್ಣ ಹನಿಯಾಗಿ ಕೊಡಬೇಕು, ಬುಡಕ್ಕೆ ಸುರಿದರೆ ಪ್ರಯೋಜನ ಕಡಿಮೆ. ನೀರಿನಲ್ಲಿ ಏನಿದ್ದರೂ, ಅದು ಕ್ಲೋರಿನ್ ಇರಲಿ, ಸುಣ್ಣದ ಅಂಶ ಇರಲಿ, ಉಪ್ಪಿರಲಿ, ನೇರವಾಗಿ ಎಲೆಯೊಳಕ್ಕೇ ಹೋಗುತ್ತದೆ. ಬೇರಿನ ಗಿಡಕ್ಕೆ ಮಣ್ಣು ಕೊಡುವ ರಕ್ಷಣೆ ಇದಕ್ಕಿಲ್ಲ. ಗೊಬ್ಬರವಂತೂ ಬೇಡವೇ ಬೇಡ.

ಹೆಚ್ಚು ಜನ ಗಮನಿಸದ ಸಂಗತಿ ರಾತ್ರಿಯ ಉಷ್ಣತೆ. ಹಾವಸೆ ಹಗಲಿನ ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತದೆ, ರಾತ್ರಿ ಉಸಿರಾಟಕ್ಕೆ ಅದನ್ನು ಖರ್ಚು ಮಾಡುತ್ತದೆ. ರಾತ್ರಿ ಬಿಸಿಯಿದ್ದು ಮೈಯೂ ಒದ್ದೆಯಾಗಿದ್ದರೆ ಉಸಿರಾಟ ಜೋರಾಗಿ ನಡೆಯುತ್ತದೆ. ಮಬ್ಬು ಬೆಳಕಿನಲ್ಲಿ ಹಗಲೆಲ್ಲ ಗಳಿಸಿದ್ದು ರಾತ್ರಿಯ ಖರ್ಚಿಗೆ ಸಾಲದೆ ಹೋಗುತ್ತದೆ. ಕರಾವಳಿಯ ತಗ್ಗಿನ ಕಾಡುಗಳಲ್ಲಿ ಮಳೆಗೆ ಕೊರತೆಯಿಲ್ಲ, ಆದರೂ ಮರಗಳ ಮೇಲೆ ಹಾವಸೆ ತೆಳು. ಮುಳ್ಳಯ್ಯನಗಿರಿ, ಕುದುರೆಮುಖದ ಎತ್ತರದ ಶೋಲಾ ಕಾಡುಗಳಿಗೆ ಹೋದರೆ ಕೊಂಬೆ ಕೊಂಬೆಯೂ ಹಾವಸೆಯಿಂದ ದಪ್ಪವಾಗಿರುತ್ತದೆ. ಮಂಜಿನ ಜೊತೆಗೆ ಅಲ್ಲಿನ ತಂಪು ರಾತ್ರಿಯೂ ಇದಕ್ಕೆ ದೊಡ್ಡ ಕಾರಣ. ಗೂಡಿನಲ್ಲಿ ನೀರು, ಬೆಳಕು ಎರಡೂ ಸರಿ ಇದ್ದು ಹಾವಸೆ ಸೊರಗುತ್ತಿದ್ದರೆ ರಾತ್ರಿಯ ಥರ್ಮಾಮೀಟರ್ ನೋಡಿ. ಕಾರಣ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಈ ಬೇಡಿಕೆಗಳಿಗೆಲ್ಲ ಚೆನ್ನಾಗಿ ಹೊಂದುವ ಸಾಕುಪ್ರಾಣಿ ಕ್ರೆಸ್ಟೆಡ್ ಗೆಕ್ಕೊ. ಆಸ್ಟ್ರೇಲಿಯಾದ ಪೂರ್ವಕ್ಕೆ, ಪೆಸಿಫಿಕ್ ಸಾಗರದಲ್ಲಿರುವ ನ್ಯೂ ಕ್ಯಾಲಿಡೋನಿಯಾ ದ್ವೀಪಗಳು ಇದರ ತವರು. ಕಣ್ಣಿನ ಮೇಲೆ ರೆಪ್ಪೆಗೂದಲಿನ ಹಾಗೆ ಕಾಣುವ ಮುಳ್ಳುಗಳ ಸಾಲಿದೆ. 1866ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಹಲ್ಲಿ ಅಳಿದೇ ಹೋಯಿತೆಂದು ಬಹುಕಾಲ ನಂಬಿದ್ದರು. 1994ರಲ್ಲಿ ಅದು ಮತ್ತೆ ಕಣ್ಣಿಗೆ ಬಿತ್ತು. ಇಂದು ಅಮೆರಿಕ, ಯುರೋಪಿನ ಮನೆಗಳಲ್ಲಿ ಅತಿ ಹೆಚ್ಚು ಸಾಕುವ ಗೆಕ್ಕೊಗಳ ಪೈಕಿ ಅದೂ ಒಂದು. ನಮ್ಮ ಗೋಡೆಯ ಹಲ್ಲಿಗೆ ಬಾಲ ಉದುರಿದರೆ ಮತ್ತೆ ಬೆಳೆಯುತ್ತದೆ, ಇದಕ್ಕೆ ಬೆಳೆಯುವುದಿಲ್ಲ. ರಾತ್ರಿ ಓಡಾಡುತ್ತದೆ, ಎಲೆಯ ಮೇಲಿನ ಹನಿ ನೆಕ್ಕಿ ನೀರು ಕುಡಿಯುತ್ತದೆ, ಹಣ್ಣು ಮತ್ತು ಹುಳು ತಿನ್ನುತ್ತದೆ. ಹಗಲು 22ರಿಂದ 26 ಡಿಗ್ರಿ ಸೆಲ್ಸಿಯಸ್, ರಾತ್ರಿ ಇನ್ನೂ ಎರಡು ಮೂರು ಡಿಗ್ರಿ ಕಡಿಮೆ ಇದ್ದರೆ ಅದಕ್ಕೆ ಹಿತ. 28 ದಾಟಿದರೆ ಸಂಕಟ. ಗೂಡಿನ ಗಾಳಿಯ ತೇವ ರಾತ್ರಿ ಶೇ 80ರವರೆಗೆ ಏರಿ, ಹಗಲಿಗೆ ಶೇ 50–60ಕ್ಕೆ ಇಳಿಯಬೇಕು. ಹಾವಸೆಗೂ ಬೇಕಾದ್ದು ಹೆಚ್ಚುಕಡಿಮೆ ಇದೇ. ಇಬ್ಬರ ಅಗತ್ಯವೂ ಒಂದಾಗುವಲ್ಲಿ ಕೆಲಸ ಅರ್ಧ ಮುಗಿದಂತೆ.

ಅದೇ ದ್ವೀಪದ ಗಾರ್ಗಾಯ್ಲ್ ಗೆಕ್ಕೊ, ಗಂಡಿಲ್ಲದೆಯೇ ಮೊಟ್ಟೆಯಿಟ್ಟು ಮರಿ ಮಾಡುವ ಪುಟ್ಟ ಮೌರ್ನಿಂಗ್ ಗೆಕ್ಕೊ, ಅಮೆರಿಕದ ಆಗ್ನೇಯ ಭಾಗದ ಹಸಿರು ಅನೋಲ್ ಇವುಗಳ ಗೂಡಿಗೂ ಹಾವಸೆ ಒಗ್ಗುತ್ತದೆ. ಅನೋಲ್‌ಗೆ ಮೈ ಕಾಯಿಸಲು ಬಿಸಿ ಜಾಗ ಬೇಕು, ಹಾಗಾಗಿ ಹಾವಸೆ ತಂಪಿನ ತುದಿಯಲ್ಲಿರಲಿ. ಮಡಗಾಸ್ಕರಿನ ಎಲೆಬಾಲದ ಗೆಕ್ಕೊಗಳಲ್ಲಿ ಒಂದು ಜಾತಿಯ ಮೈಯೇ ಹಾವಸೆ ಹತ್ತಿದ ತೊಗಟೆಯಂತಿದೆ. ದೇಹದ ಅಂಚಿನ ಚರ್ಮದ ಝಾಲರಿಯನ್ನು ಕಾಂಡಕ್ಕೆ ಒತ್ತಿಕೊಂಡು ಮಲಗಿದರೆ ಹಲ್ಲಿಯ ಅಂಚು ಎಲ್ಲಿ, ಮರದ ಅಂಚು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಅಷ್ಟು ಅದ್ಭುತವಾದ ಈ ಪ್ರಾಣಿ ಅನುಭವವಿಲ್ಲದವರ ಕೈಗೆ ಸಿಕ್ಕರೆ ಬಹಳ ದಿನ ಬಾಳುವುದಿಲ್ಲ. ನೋಡಿ ಸಂತೋಷಪಡುವುದೇ ಒಳ್ಳೆಯದು.

ಹಾವಸೆಯ ಹಾಸು ಬೇಡವೇ ಬೇಡ ಎನ್ನಬೇಕಾದ ಪ್ರಾಣಿಗಳಿವೆ. ಆಸ್ಟ್ರೇಲಿಯಾದ ಒಣನೆಲದ ಬಿಯರ್ಡೆಡ್ ಡ್ರ್ಯಾಗನ್, ಅಫ್ಘಾನಿಸ್ತಾನ–ಪಾಕಿಸ್ತಾನದ ಕಲ್ಲುಗಾಡಿನ ಲೆಪರ್ಡ್ ಗೆಕ್ಕೊ, ಮರುಭೂಮಿಯ ಯಾವುದೇ ಹಲ್ಲಿ ಈ ಗುಂಪಿನವು. ಸದಾ ಒದ್ದೆಯಾದ ನೆಲ ಇವುಗಳ ಹೊಟ್ಟೆಯ ಚರ್ಮವನ್ನು ಕೆಡಿಸುತ್ತದೆ. ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್‌ನಂಥ ಭಾರದ ಹಾವು ಒಂದೇ ರಾತ್ರಿಯಲ್ಲಿ ಹಾವಸೆಯನ್ನು ಉರುಳಿಸಿ ಜಜ್ಜಿಹಾಕುತ್ತದೆ. ಆಮೆ, ಇಗ್ವಾನಾದಂಥ ಸೊಪ್ಪು ತಿನ್ನುವ ಪ್ರಾಣಿಗಳು ಅದನ್ನು ಮೇಯಲು ತೊಡಗುತ್ತವೆ. ಹೊಟ್ಟೆಗೆ ಹೆಚ್ಚು ಹೋದರೆ ಕರುಳಿನಲ್ಲಿ ಗಂಟಾಗುವ ಭಯವಿದೆ.

ಹಾಗೆಂದು ಈ ಪ್ರಾಣಿಗಳಿಗೆ ಹಾವಸೆಯ ಉಪಯೋಗವೇ ಇಲ್ಲ ಎನ್ನುವಂತಿಲ್ಲ. ಪೊರೆ ಕಳಚುವ ಹೊತ್ತಿಗೆ ಒಣನೆಲದ ಪ್ರಾಣಿಗೂ ತೇವದ ಬಿಲ ಬೇಕು. ಇಲ್ಲದಿದ್ದರೆ ಕಾಲ್ಬೆರಳು, ಬಾಲದ ತುದಿಗಳಲ್ಲಿ ಪೊರೆ ಉಳಿದು, ಒಣಗಿ ಬಿಗಿಯಾಗಿ, ರಕ್ತ ಹರಿಯದೆ ಬೆರಳೇ ಉದುರುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಪ್ರಾಣಿ ನುಗ್ಗುವಷ್ಟು ತೂತು ಕೊರೆಯಿರಿ. ತೂತಿನ ಅಂಚನ್ನು ಉಜ್ಜಿ ನುಣುಪು ಮಾಡಿ. ಒಳಗೆ ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಸ್ಫ್ಯಾಗ್ನಂ ಹಾವಸೆ ತುಂಬಿ. ಒಗೆದು ಹಿಂಡಿದ ಬಟ್ಟೆಯಲ್ಲಿ ಉಳಿಯುವಷ್ಟು ತೇವ ಸಾಕು, ಮುಷ್ಟಿಯಲ್ಲಿ ಒತ್ತಿದರೆ ಹನಿ ಬೀಳಬಾರದು. ವಾರಕ್ಕೊಮ್ಮೆ ಡಬ್ಬಿ ತೊಳೆಯಿರಿ, ವಾಸನೆ ಬಂದರೆ ಹಾವಸೆ ಬದಲಿಸಿ. ಲೆಪರ್ಡ್ ಗೆಕ್ಕೊ ಸಾಕುವವರಿಗೆ ಹಾವಸೆಯ ವಿಷಯದಲ್ಲಿ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಸ್ಫ್ಯಾಗ್ನಂ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದರ ಎಲೆಯಲ್ಲಿ ಹಸಿರು ಜೀವಕೋಶಗಳ ನಡುನಡುವೆ ದೊಡ್ಡ, ಪೊಳ್ಳು, ಸತ್ತ ಕೋಶಗಳಿವೆ. ಅವುಗಳ ಗೋಡೆಯಲ್ಲಿ ಸಣ್ಣ ತೂತುಗಳಿದ್ದು ನೀರು ಅಲ್ಲಿ ತುಂಬಿ ನಿಲ್ಲುತ್ತದೆ. ತನ್ನ ಒಣ ತೂಕದ ಹದಿನೈದು, ಇಪ್ಪತ್ತು ಪಟ್ಟು ನೀರನ್ನು ಹಿಡಿದಿಡಬಲ್ಲ ಶಕ್ತಿ ಬಂದದ್ದು ಹೀಗೆ. ಸತ್ತ ಕೋಶದ ಕೆಲಸವಾದ್ದರಿಂದ ಒಣಗಿಸಿದ ಸ್ಫ್ಯಾಗ್ನಂ ಕೂಡ ಅಷ್ಟೇ ಚೆನ್ನಾಗಿ ನೀರು ಹೀರುತ್ತದೆ. ಸುತ್ತಲಿನ ನೀರನ್ನು ಹುಳಿಯಾಗಿಸುವ ಗುಣವೂ ಇದಕ್ಕಿದೆ. ಹಾಗಾಗಿ ಇದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ. ಮೊದಲ ಮಹಾಯುದ್ಧದಲ್ಲಿ ಹತ್ತಿಯ ಕೊರತೆ ಬಂದಾಗ ಬ್ರಿಟನ್ ಗಾಯಾಳುಗಳ ಪಟ್ಟಿಗೆ ಸ್ಫ್ಯಾಗ್ನಂ ಬಳಸಿದ್ದು ಈ ಗುಣಗಳಿಂದಲೇ. ಅಂಗಡಿಯಲ್ಲಿ ಸಿಗುವ ಒಣ ಸ್ಫ್ಯಾಗ್ನಂ ಹೆಚ್ಚಾಗಿ ನ್ಯೂಜಿಲೆಂಡ್, ಚಿಲಿ ದೇಶಗಳದ್ದು. ಅದನ್ನು ಕೈಗವಸು ಹಾಕಿಕೊಂಡೇ ಹಿಡಿಯಿರಿ. ಗೀರಿದ ಚರ್ಮದ ಮೂಲಕ ಒಳಹೊಕ್ಕು ಗಂಟು, ಹುಣ್ಣು ಮಾಡುವ ಸ್ಪೋರೋಥ್ರಿಕ್ಸ್ ಎಂಬ ಶಿಲೀಂಧ್ರ ಅದರಲ್ಲಿರಬಹುದು. 1988ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಸಸಿಗಳ ಬೇರಿಗೆ ಸುತ್ತಿದ್ದ ಸ್ಫ್ಯಾಗ್ನಂ ಮುಟ್ಟಿದವರಿಗೆ ಈ ಸೋಂಕು ಒಟ್ಟೊಟ್ಟಿಗೆ ಬಂದಿತ್ತು.

ಇನ್ನು ಗೂಡು ಕಟ್ಟುವ ಕೆಲಸ. ಒಂದು ಬೆಳೆದ ಕ್ರೆಸ್ಟೆಡ್ ಗೆಕ್ಕೊಗೆ 45 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 60 ಸೆಂಟಿಮೀಟರ್ ಎತ್ತರದ ಗೂಡು ಕನಿಷ್ಠವೆಂದು ಇಟ್ಟುಕೊಳ್ಳಿ. ಮರವೇರುವ ಪ್ರಾಣಿಗೆ ಎತ್ತರವೇ ಮುಖ್ಯ. ತಳಕ್ಕೆ ನಾಲ್ಕೈದು ಸೆಂಟಿಮೀಟರ್ ಸುಟ್ಟ ಮಣ್ಣಿನ ಹಗುರ ಗುಂಡುಗಳನ್ನು ಹಾಕಿ. ಹೆಚ್ಚಾದ ನೀರು ಇಳಿದು ನಿಲ್ಲುವ ಜಾಗ ಇದು. ಅದರ ಮೇಲೆ ನೈಲಾನ್ ಜಾಲರಿ, ಸೊಳ್ಳೆ ಪರದೆಯ ಬಲೆಯೂ ನಡೆಯುತ್ತದೆ. ಜಾಲರಿಯಿಲ್ಲದಿದ್ದರೆ ಮಣ್ಣು ಕೆಳಗಿಳಿದು ಎರಡೂ ಪದರ ಕೆಸರಾಗುತ್ತವೆ. ಒಂದು ಮೂಲೆಯಲ್ಲಿ ತಳದವರೆಗೆ ಇಳಿಯುವ ಸಣ್ಣ ಪೈಪು ನಿಲ್ಲಿಸಿದರೆ ನೀರು ಎಷ್ಟು ನಿಂತಿದೆ ಎಂದು ನೋಡಬಹುದು, ಹೆಚ್ಚಾದರೆ ಸಿರಿಂಜಿನಿಂದ ಎಳೆಯಬಹುದು.

ಜಾಲರಿಯ ಮೇಲೆ ಏಳೆಂಟು ಸೆಂಟಿಮೀಟರ್ ಹಾಸಿಗೆಯ ಮಿಶ್ರಣ. ಅಮೆರಿಕದ ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್ ರೂಪಿಸಿದ ಮಿಶ್ರಣ ಈ ಹವ್ಯಾಸದಲ್ಲಿ ಹೆಸರುವಾಸಿ. ಅದರಲ್ಲಿ ಮರಜರೀಗಿಡದ ನಾರು, ಪೀಟ್, ಇದ್ದಿಲು, ಸ್ಫ್ಯಾಗ್ನಂ, ಮರದ ತೊಗಟೆ ಸೇರುತ್ತವೆ. ನಮ್ಮಲ್ಲಿ ಅದನ್ನು ಹಾಗೆಯೇ ಅನುಕರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಮರಜರೀಗಿಡಗಳು ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟವು. ಪೀಟ್ ಅಗೆಯುವುದೆಂದರೆ ಸಾವಿರಾರು ವರ್ಷ ಜಮೆಯಾದ ಇಂಗಾಲದ ಕಣಜವನ್ನು ಒಡೆಯುವುದು. ಪ್ರಪಂಚದ ನೆಲದ ಸುಮಾರು ಶೇ 3 ಭಾಗದಲ್ಲಷ್ಟೇ ಇರುವ ಪೀಟ್ ಭೂಮಿಗಳು ಎಲ್ಲ ಕಾಡುಗಳಿಗಿಂತ ಹೆಚ್ಚು ಇಂಗಾಲ ಹಿಡಿದಿಟ್ಟಿವೆ. ನಮ್ಮ ಕೈಗೆ ಸುಲಭವಾಗಿ ಸಿಗುವ ಕೊಕೊಪೀಟ್ ಎರಡು ಪಾಲು, ಆರ್ಕಿಡ್ ಬೆಳೆಯುವವರು ಬಳಸುವ ತೊಗಟೆ ಚೂರು ಒಂದು ಪಾಲು, ಕತ್ತರಿಸಿದ ಒಣ ಸ್ಫ್ಯಾಗ್ನಂ ಒಂದು ಪಾಲು, ಅರ್ಧ ಪಾಲು ಇದ್ದಿಲು ಚೂರು ಸೇರಿಸಿದರೆ ಸಾಕು. ಕೊಕೊಪೀಟನ್ನು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿಯೇ ಬಳಸಬೇಕು. ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ನೆನೆಹಾಕುವ ಕಡೆಗಳಿಂದ ಬಂದ ಕೊಕೊಪೀಟ್ ಇಟ್ಟಿಗೆಗಳಲ್ಲಿ ಉಪ್ಪಿರುತ್ತದೆ, ಹಾವಸೆಗೆ ಉಪ್ಪು ವಿಷ. ಗೊಬ್ಬರ ಬೆರೆಸಿದ ನರ್ಸರಿ ಮಣ್ಣು ಬೇಡ.

ಈಗ ಹಾವಸೆ. ತಳದ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ ಭಾಗಕ್ಕೆ ಮಾತ್ರ ಅದನ್ನು ಹಚ್ಚಿ. ಉಳಿದ ಕಡೆ ಒಣ ತರಗೆಲೆ ಹರಡಿ. ಗೂಡಿನ ತುಂಬ ಹಾವಸೆ ಇದ್ದರೆ ಫೋಟೋಗೆ ಚೆನ್ನ. ಪ್ರಾಣಿಗೆ ಮಾತ್ರ ಒಣ ಜಾಗ, ಒದ್ದೆ ಜಾಗ ಎಂಬ ಆಯ್ಕೆಯೇ ಇಲ್ಲದಂತಾಗುತ್ತದೆ. ಅಂಗೈ ಅಗಲದ ತುಂಡುಗಳಾಗಿ ಹರಿದು, ಬುಡದ ಮಣ್ಣು ಉದುರಿಸಿ, ತೇವದ ಹಾಸಿಗೆಯ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಬೇಕು. ಕೆಳಗೆ ಗಾಳಿಯ ಪೊಳ್ಳು ಉಳಿದರೆ ಆ ಜಾಗ ಮೊದಲು ಒಣಗುತ್ತದೆ. ಹಾವಸೆ ಕಡಿಮೆ ಸಿಕ್ಕಿದ್ದರೆ ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಚೆಲ್ಲಿದರೂ ಆಗುತ್ತದೆ. ಅದರ ಚೂರು ಚೂರಿಗೂ ಹೊಸ ಗಿಡವಾಗುವ ಶಕ್ತಿಯಿದೆ, ತಿಂಗಳುಗಳ ತಾಳ್ಮೆ ಮಾತ್ರ ಬೇಕು. ಹಾವಸೆಯನ್ನು ಮಜ್ಜಿಗೆ ಅಥವಾ ಮೊಸರಿನ ಜೊತೆ ಅರೆದು ಬಳಿಯಿರಿ ಎಂಬ ಉಪಾಯ ಎಲ್ಲೆಡೆ ಓಡಾಡುತ್ತಿದೆ. ಮುಚ್ಚಿದ ಗೂಡಿನಲ್ಲಿ ಅದರಿಂದ ಬೆಳೆಯುವುದು ಬೂಷ್ಟು. ಮಾಡಬೇಡಿ.

ಯಾವ ಹಾವಸೆ ಎಂಬ ಪ್ರಶ್ನೆಗೆ ನನ್ನ ಉತ್ತರ: ನೆಟ್ಟಗೆ ದಿಂಬಿನ ಆಕಾರದಲ್ಲಿ ಬೆಳೆಯುವುದಕ್ಕಿಂತ ನೆಲಕ್ಕೆ ಹರಡಿ ಚಾಪೆಯಾಗುವ ಜಾತಿಗಳೇ ಮೇಲು. ತುಳಿತ ತಾಳುತ್ತವೆ, ಹರಿದರೆ ಬೇಗ ಕೂಡಿಕೊಳ್ಳುತ್ತವೆ. ಭಾರತದಲ್ಲಿರುವವರಿಗೆ ಅತಿ ಸುಲಭದ ದಾರಿ ಅಕ್ವೇರಿಯಂ ಅಂಗಡಿಯ ಜಾವಾ ಮಾಸ್. ಏಷ್ಯಾದ ಬಿಸಿ ನಾಡುಗಳ ಈ ಹಾವಸೆ ನೀರಿನೊಳಗೂ ಬೆಳೆಯುತ್ತದೆ, ತೇವದ ನೆಲದ ಮೇಲೂ ಬೆಳೆಯುತ್ತದೆ. ಶೀತದೇಶದ ಹಾವಸೆಗಿಂತ ನಮ್ಮ ಬೇಸಿಗೆಯನ್ನು ಚೆನ್ನಾಗಿ ತಡೆಯುತ್ತದೆ. ನೀರಿನಿಂದ ಹೊರಗೆ ತಂದಾಗ ಮೊದಲ ವಾರಗಳಲ್ಲಿ ಹಳೆಯ ಎಲೆ ಸೊರಗುತ್ತದೆ, ಆಮೇಲೆ ಗಿಡ್ಡ, ಒತ್ತಾದ ಹೊಸ ಚಿಗುರು ಬರುತ್ತದೆ. ಅಷ್ಟು ದಿನ ಅದನ್ನು ಮುಚ್ಚಿದ ಡಬ್ಬಿಯಲ್ಲೇ ಬೆಳೆಸಿ, ಹೊರಗಿನ ಗಾಳಿಗೆ ಒಗ್ಗಿದ ಮೇಲೆ ಗೂಡಿಗೆ ಹಾಕಿ. ಮನೆಯ ಗೋಡೆಯ ಹಾವಸೆ ಸುಣ್ಣ, ಸಿಮೆಂಟಿಗೆ ಒಗ್ಗಿದ್ದು. ಹುಳಿಯಾದ ಕೊಕೊಪೀಟ್ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಕಡು ಹಸಿರು ಬಣ್ಣ ಹಾಕಿ ಒಣಗಿಸಿದ ಅಲಂಕಾರದ ಹಾವಸೆಯನ್ನು ಗೂಡಿನ ಹತ್ತಿರವೂ ತರಬೇಡಿ. ಸಂಶಯವಿದ್ದರೆ ಬಿಳಿ ಬಟ್ಟಲಿನ ನೀರಿನಲ್ಲಿ ನೆನೆಸಿ ನೋಡಿ, ಬಣ್ಣ ಬಿಡುತ್ತದೆ.

ಕಾಡಿನಿಂದ ಕಿತ್ತು ತರುವುದಕ್ಕಂತೂ ನನ್ನ ಪೂರ್ಣ ವಿರೋಧವಿದೆ. ಬಂಡೆಯ ಮೇಲೆ ಅಂಗೈ ಅಗಲ ಹರಡಲು ವರ್ಷಗಳು ಬೇಕಾದದ್ದು ನಮ್ಮ ಒಂದು ಎಳೆತಕ್ಕೆ ಬರುತ್ತದೆ. ಆರ್ಕಿಡ್ಡಿನ ಬೀಜ ಮೊಳೆಯುವುದು, ಸಣ್ಣ ಕಪ್ಪೆಗಳು ಅಡಗುವುದು ಅದರಲ್ಲೇ. ಕಾನೂನೂ ಸ್ಪಷ್ಟವಾಗಿದೆ. 1927ರ ಭಾರತೀಯ ಅರಣ್ಯ ಕಾಯ್ದೆ ಅರಣ್ಯ ಉತ್ಪನ್ನ ಯಾವುದೆಂದು ಹೇಳುವಾಗ ಹುಲ್ಲು, ಬಳ್ಳಿ, ಜೊಂಡುಗಳ ಜೊತೆ ಹಾವಸೆಯನ್ನೂ ಸೇರಿಸಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಅದನ್ನು ತರುವುದು ಅಪರಾಧ. ಪ್ರಾಣಿಯ ವಿಷಯದಲ್ಲೂ ಅಷ್ಟೇ. ನಕ್ಷತ್ರ ಆಮೆ, ಉಡ, ಹೆಬ್ಬಾವು ಮುಂತಾದ ನಮ್ಮ ನೆಲದ ಸರೀಸೃಪಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು, ಉದಾಹರಣೆಗೆ ಬಾಲ್ ಪೈಥಾನ್, ಹಸಿರು ಇಗ್ವಾನಾಗಳನ್ನು, ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಕೊಳ್ಳುವ ಮೊದಲೇ ಕಾಗದಪತ್ರ ಕೇಳಿ.

ಕೊಂಡು ತಂದ ಹಾವಸೆಯನ್ನೂ ನೇರವಾಗಿ ಗೂಡಿಗೆ ಹಾಕಬಾರದು. ಅದರೊಳಗೆ ನುಸಿ, ಜರಿ, ಬಸವನಹುಳುವಿನ ಮೊಟ್ಟೆ ಏನೂ ಇರಬಹುದು. ಚೆನ್ನಾಗಿ ಜಾಲಾಡಿಸಿ, ಪಾರದರ್ಶಕ ಡಬ್ಬಿಯಲ್ಲಿಟ್ಟು, ಮಬ್ಬು ಬೆಳಕಿನಲ್ಲಿ ಮೂರು ನಾಲ್ಕು ವಾರ ಪ್ರತ್ಯೇಕವಾಗಿ ಇರಿಸಿ. ಮೊಟ್ಟೆಗಳಿದ್ದರೆ ಅಷ್ಟರಲ್ಲಿ ಒಡೆದು ಹುಳು ಕಾಣಿಸಿಕೊಳ್ಳುತ್ತವೆ. ಸೋಡಾ ನೀರಿನಲ್ಲಿ ಮುಳುಗಿಸಿ ಹುಳು ಹೊರಡಿಸುವ ಅಭ್ಯಾಸ ಹವ್ಯಾಸಿಗಳಲ್ಲಿದೆ. ಓಡಾಡುವ ಹುಳುಗಳಿಗೆ ಅದು ಸರಿ, ಮೊಟ್ಟೆಗಳ ವಿಷಯದಲ್ಲಿ ಅದನ್ನು ನಂಬಬೇಡಿ. ಕೀಟನಾಶಕವಂತೂ ಯಾವ ಹಂತದಲ್ಲೂ ಸಲ್ಲದು.

ಬೇಕಾದ ಹುಳುಗಳೂ ಇವೆ. ಸ್ಪ್ರಿಂಗ್‌ಟೇಲ್ ಎಂಬ, ಸಾಸಿವೆಗಿಂತ ಸಣ್ಣ ಬಿಳಿ ಜಿಗಿಯುವ ಜೀವಿಗಳು ಬೂಷ್ಟನ್ನು ತಿಂದು ಬದುಕುತ್ತವೆ. ಹೂಕುಂಡ ಎತ್ತಿದರೆ ಅಡಿಯಲ್ಲಿ ಸಿಗುವ ಬೂದುಬಣ್ಣದ ಹುಳುಗಳ ಬಳಗದ ಐಸೊಪಾಡ್‌ಗಳು ಹಿಕ್ಕೆ, ಕೊಳೆತ ಎಲೆ, ಸತ್ತ ಕೀಟ ತಿನ್ನುತ್ತವೆ. ಗೂಡಿಗೆ ಬಿಡಲು ಗಿಡ್ಡ ಬಿಳಿ ಜಾತಿ ಒಳ್ಳೆಯದು. ಇವೆರಡಕ್ಕೂ ಹಾವಸೆಯ ಅಡಿಯೇ ಮನೆ. ಗೆಕ್ಕೊ ಬಿಡುವ ಒಂದು ತಿಂಗಳ ಮೊದಲೇ ಇವನ್ನು ಬಿಟ್ಟರೆ ಸಂಖ್ಯೆ ಹೆಚ್ಚಿರುತ್ತದೆ. ಹೊಸ ಗೂಡಿನಲ್ಲಿ ಮೊದಲು ಒಂದಿಷ್ಟು ಬೂಷ್ಟು ಬಂದೇ ಬರುತ್ತದೆ. ಸ್ಪ್ರಿಂಗ್‌ಟೇಲ್ ಇದ್ದರೆ ಅದು ತಾನಾಗಿ ಇಳಿಯುತ್ತದೆ.

ನೀರಿನ ವಿಷಯದಲ್ಲಿ ನಮ್ಮ ಊರುಗಳ ತೊಂದರೆ ದೊಡ್ಡದು. ಬೋರ್‌ವೆಲ್ ನೀರಿನ ಗಡಸುತನ ಬಯಲುಸೀಮೆಯವರಿಗೆ ಗೊತ್ತೇ ಇದೆ. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವ ನೀರು ಹಾವಸೆಯ ತುದಿಗೂ ಬಿಳಿ ಕಟ್ಟುತ್ತದೆ, ಆಮೇಲೆ ತುದಿ ಸುಡುತ್ತದೆ. ಮಳೆನೀರು ಎಲ್ಲಕ್ಕಿಂತ ಶ್ರೇಷ್ಠ. ಮೊದಲ ಮಳೆಗಳು ಚಾವಣಿಯ ಧೂಳು ತೊಳೆದ ಮೇಲೆ ಹಿಡಿದಿಟ್ಟುಕೊಳ್ಳಿ. ಇಲ್ಲದಿದ್ದರೆ ಆರ್‌ಒ ನೀರು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗಬಹುದು, ಸುಣ್ಣ ಹೋಗುವುದಿಲ್ಲ. ಗೆಕ್ಕೊ ಕುಡಿಯುವ ಬಟ್ಟಲಿಗೆ ಮಾತ್ರ ಮನೆಯವರು ಕುಡಿಯುವ ಸಾಮಾನ್ಯ ನೀರೇ ಇರಲಿ.

ನೀರು ಸಿಂಪಡಿಸುವುದು ಸಂಜೆ, ದೀಪ ಆರುವ ಹೊತ್ತಿಗೆ. ಗೆಕ್ಕೊ ಏಳುವುದು ಆಗಲೇ, ಎಲೆಯ ಮೇಲೆ ಹನಿ ಸಿಗುತ್ತದೆ. ಬೆಳಿಗ್ಗೆ ಬೇಕಿದ್ದರೆ ಹಾವಸೆಗೆ ಮಾತ್ರ ಒಂದೆರಡು ಒತ್ತು. ಮಧ್ಯಾಹ್ನದ ಹೊತ್ತಿಗೆ ಎಲೆ, ಗಾಜು ಪೂರ್ತಿ ಒಣಗಿರಬೇಕು. ಹಗಲೆಲ್ಲ ಗಾಜಿನ ಮೇಲೆ ಹಬೆ ಕುಳಿತಿದ್ದರೆ ನೀರು ಹೆಚ್ಚಾಯಿತು ಅಥವಾ ಗಾಳಿ ಸಾಲದು ಎಂದರ್ಥ. ಅನೇಕರು ತೇವ ಹೋಗದಿರಲೆಂದು ಮೇಲಿನ ಜಾಲರಿ ಮುಚ್ಚಳಕ್ಕೆ ಪ್ಲಾಸ್ಟಿಕ್ ಹೊದೆಸುತ್ತಾರೆ. ಹಾವಸೆಯಿರುವ ಗೂಡಿನಲ್ಲಿ ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ನಿಂತ ಗಾಳಿ, ತೇವ, ತಂಪು ಮೂರೂ ಸೇರಿದರೆ ಪ್ರಾಣಿಯ ಶ್ವಾಸಕೋಶಕ್ಕೆ ಸೋಂಕು. ಮುಂಭಾಗದ ತಳದಲ್ಲಿ ಗಾಳಿಕಿಂಡಿ, ಮೇಲೆ ಜಾಲರಿ ಇದ್ದರೆ ಗಾಳಿ ಕೆಳಗಿನಿಂದ ಮೇಲಕ್ಕೆ ತಾನೇ ಹರಿಯುತ್ತದೆ. ತೀರ ಒಣ ಹವೆಯಲ್ಲಿ ಜಾಲರಿಯ ಅರ್ಧವನ್ನಷ್ಟೇ ಮುಚ್ಚಬಹುದು. ಹೈಗ್ರೊಮೀಟರನ್ನು ಹಾವಸೆಯ ಮೇಲಿಟ್ಟು ಓದಿದರೆ ಲೆಕ್ಕ ತಪ್ಪುತ್ತದೆ, ಗೆಕ್ಕೊ ಮಲಗುವ ಎತ್ತರದಲ್ಲಿ ತೂಗುಹಾಕಿ.

ಬೆಳಕಿಗೆ 6500 ಕೆಲ್ವಿನ್ ಆಸುಪಾಸಿನ ಬಿಳಿ ಎಲ್‌ಇಡಿ ದಿನಕ್ಕೆ 10ರಿಂದ 12 ಗಂಟೆ. ಕಿಟಕಿಯ ನೇರ ಬಿಸಿಲಿಗೆ ಗೂಡನ್ನು ಇಟ್ಟರೆ ಗಾಜಿನೊಳಗೆ ಶಾಖ ಏರಿ ಗೆಕ್ಕೊ ಸತ್ತೇ ಹೋಗಬಹುದು. ಶಾಖದ ದೀಪ ಹಾವಸೆಯ ಮೇಲೆ ಬೀಳಬಾರದು.

ಊರಿಗೆ ತಕ್ಕ ಲೆಕ್ಕವೂ ಬೇಕು. ಮಡಿಕೇರಿ, ಚಿಕ್ಕಮಗಳೂರಿನ ಹವೆಯಲ್ಲಿ ಈ ಗೂಡು ಹೆಚ್ಚು ಶ್ರಮವಿಲ್ಲದೆ ನಡೆಯುತ್ತದೆ. ಬೆಂಗಳೂರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಎಚ್ಚರ ಬೇಕು. ಮಂಗಳೂರಿನ ಬೆಚ್ಚನೆಯ ರಾತ್ರಿ, ಕಲಬುರಗಿಯ ಬೇಸಿಗೆಯಲ್ಲಿ ಎಸಿ ಇಲ್ಲದೆ ಕ್ರೆಸ್ಟೆಡ್ ಗೆಕ್ಕೊವನ್ನೂ ಸಾಕಬಾರದು, ಹಾವಸೆಯನ್ನೂ ಬೆಳೆಸಲಾಗದು. ಕರೆಂಟು ಹೋದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡಿರಬೇಕು. ಅಮೆರಿಕ, ಕೆನಡಾದ ಚಳಿ ಊರುಗಳಲ್ಲಿರುವ ಕನ್ನಡಿಗರಿಗೆ ತೊಂದರೆ ತಿರುಗುಮುರುಗು. ಅಲ್ಲಿ ಚಳಿಗಾಲದ ಹೀಟರು ಮನೆಯ ಗಾಳಿಯನ್ನು ಒಣಗಿಸಿಬಿಡುತ್ತದೆ, ಸಿಂಪಡಿಕೆ ಹೆಚ್ಚಿಸಬೇಕಾಗುತ್ತದೆ.

ಆಹಾರವನ್ನು ಹಾವಸೆಯ ಮೇಲೆ ಹಾಕಬಾರದು. ಹುಳುವಿನ ಮೇಲೆ ಹಾರಿದ ಗೆಕ್ಕೊ ಬಾಯಿಗೆ ಬಂದ ಹಾವಸೆಯನ್ನೂ ನುಂಗುತ್ತದೆ. ಒಂದೆರಡು ಎಳೆ ಹಿಕ್ಕೆಯಲ್ಲಿ ಹೊರಬೀಳುತ್ತದೆ, ಉದ್ದನೆಯ ಸ್ಫ್ಯಾಗ್ನಂ ಎಳೆಗಳು ಪದೇ ಪದೇ ಹೊಟ್ಟೆಗೆ ಹೋದರೆ ಕರುಳು ಕಟ್ಟುತ್ತದೆ. ಜೊತೆಗೆ ಚಿಮ್ಮಂಡೆ ಹುಳುಗಳು ಹಾವಸೆಯಲ್ಲಿ ಅಡಗಿ, ಆಮೇಲೆ ಹೊರಬಂದು ಮಲಗಿದ ಗೆಕ್ಕೊವನ್ನೇ ಕಚ್ಚುವುದುಂಟು. ಹಣ್ಣಿನ ಪುಡಿ ಕಲಸಿದ ಆಹಾರವನ್ನು ಎತ್ತರದಲ್ಲಿ ಅಂಟಿಸಿದ ಬಟ್ಟಲಿನಲ್ಲಿಡಿ. ಹುಳುಗಳನ್ನು ಇಕ್ಕಳದಿಂದ ಹಿಡಿದು ಕೊಡಿ, ಇಲ್ಲವೇ ನುಣುಪು ಗೋಡೆಯ ಬಟ್ಟಲಿನಲ್ಲಿ ಬಿಡಿ.

ಹಿಕ್ಕೆ ಬಿದ್ದ ಜಾಗದಲ್ಲಿ ಹಾವಸೆ ಸಾಯುವುದು ಸಹಜ. ಹಿಕ್ಕೆಯ ಜೊತೆಗಿನ ಬಿಳಿಯ ಗಟ್ಟಿ ಮೂತ್ರದ ಸಾರಜನಕ, ಲವಣಗಳನ್ನು ಅದು ತಾಳಲಾರದು. ಕಂಡ ಕೂಡಲೇ ಎತ್ತಿಹಾಕಿ, ಆ ತುಂಡಿನ ಮೇಲೆ ನೀರು ಸಿಂಪಡಿಸಿ ತೊಳೆಯಿರಿ. ಹೊರಗೆ ಒಂದು ಟ್ರೇಯಲ್ಲಿ ಹಾವಸೆ ಬೆಳೆಸಿಟ್ಟುಕೊಳ್ಳುವುದು ನಾನು ಕಂಡ ಅತ್ಯಂತ ಒಳ್ಳೆಯ ಪದ್ಧತಿ. ಕೆಟ್ಟ ತುಂಡು ಹೊರಗೆ, ಆರೋಗ್ಯವಾದ ತುಂಡು ಒಳಗೆ. ಹೊರಗೆ ಬಂದದ್ದು ಕೆಲವು ತಿಂಗಳಲ್ಲಿ ಚೇತರಿಸಿಕೊಂಡರೆ ಮತ್ತೆ ಬಳಕೆಗೆ ಬರುತ್ತದೆ. ಹೆಣ್ಣು ಗೆಕ್ಕೊ ಇದ್ದರೆ ಮೊಟ್ಟೆಯಿಡಲು ತೇವದ ಮಿಶ್ರಣ ತುಂಬಿದ ಡಬ್ಬಿ ಬೇರೆ ಇಡಿ. ಅದು ಒಮ್ಮೆಗೆ ಎರಡು ಮೊಟ್ಟೆ ಹೂಳುತ್ತದೆ. ಡಬ್ಬಿ ಇಲ್ಲದಿದ್ದರೆ ಹಾವಸೆಯನ್ನೆಲ್ಲ ಬಗೆದು ಜಾಗ ಹುಡುಕುತ್ತದೆ.

ಗೂಡಿನ ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯುವುದನ್ನು ಮನೆಯ ಮಕ್ಕಳಿಗೂ ಕಲಿಸಿ. ಆರೋಗ್ಯವಾಗಿ ಕಾಣುವ ಸರೀಸೃಪದ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು, ಹಾವಸೆಯ ತೇವದಲ್ಲಿ ಅದು ಬಹಳ ದಿನ ಉಳಿಯುತ್ತದೆ. ಗೆಕ್ಕೊದ ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು, ಹೊಟ್ಟೆಯ ಚರ್ಮ ಕೆಂಪಾಗುವುದು ಅಥವಾ ನೀರುಗುಳ್ಳೆ ಏಳುವುದು ಕಂಡರೆ ಹಾವಸೆಯ ಚಿಂತೆ ಬಿಡಿ. ಪ್ರಾಣಿಯನ್ನು ಒಣ ಕಾಗದ ಹಾಸಿದ ಬೇರೆ ಡಬ್ಬಿಗೆ ಸೇರಿಸಿ, ಸರೀಸೃಪ ನೋಡುವ ಪಶುವೈದ್ಯರ ಬಳಿ ಅಂದೇ ಹೋಗಿ.

ಹೊಸದಾಗಿ ಶುರುಮಾಡುವವರಲ್ಲಿ ನನ್ನ ಕೋರಿಕೆ ಒಂದೇ. ಗೂಡು ಕಟ್ಟಿ, ಹಾವಸೆ ಹಚ್ಚಿ, ದೀಪ ಹಾಕಿ, ದಿನವೂ ನೀರು ಸಿಂಪಡಿಸುತ್ತ ಒಂದು ತಿಂಗಳು ಅದನ್ನು ಖಾಲಿಯಾಗಿಯೇ ನಡೆಸಿ. ಹಗಲು ರಾತ್ರಿಯ ಉಷ್ಣತೆ, ತೇವಗಳನ್ನು ಬರೆದಿಡಿ. ಆ ತಿಂಗಳಲ್ಲಿ ಹಾವಸೆ ಹೊಸ ಚಿಗುರು ಬಿಟ್ಟರೆ, ಬರೆದಿಟ್ಟ ಅಂಕಿಗಳೂ ಗೆಕ್ಕೊಗೆ ಒಗ್ಗುವಂತಿದ್ದರೆ ಪ್ರಾಣಿಯನ್ನು ತನ್ನಿ. ಹಾವಸೆ ಸತ್ತರೆ ಇನ್ನೊಂದು ಪೊಟ್ಟಣ ಕೊಳ್ಳುವ ಮೊದಲು ಆ ಅಂಕಿಗಳನ್ನು ಮತ್ತೊಮ್ಮೆ ಓದಿ, ಗೂಡನ್ನು ಸರಿಪಡಿಸಿ.